ಚಳೀಲಿ ಕ್ಯಾಮೆರಾ ಹಿಡಿಯೋಕೆ ಗ್ಲೌಸ್ ಆರಿಸೋದು ಹೆಂಗೆ: ದಪ್ಪ ನೋಡಿ ತಗೊಂಡು ಕೆಡಬೇಡಿ

ಡಿಸೆಂಬರ್ ಬಂತು ಅಂದ್ರೆ ನನ್ನ ಫೋನಿಗೆ ಬರೋದು ಒಂದೇ ಪ್ರಶ್ನೆ, "ಅಣ್ಣಾ, ಹಿಮಾಚಲದ ಸ್ಪಿತಿಗೆ ಹೊಂಟಿದೀವಿ, ಗ್ಲೌಸ್ ಯಾವುದು ತಗೋಬೇಕು?" ನಾನು ಹೇಳ್ತೀನಿ, ಅವರು ಹೂಂ ಹೂಂ ಅಂತಾರೆ, ಆಮೇಲೆ ಅಂಗಡೀಲಿ ಇರೋದ್ರಲ್ಲೇ ಅತೀ ದಪ್ಪದ್ದು ಎತ್ಕೊಂಡು ಹೋಗ್ತಾರೆ, ವಾಪಸ್ ಬಂದ ಮೇಲೆ ಮತ್ತೆ ಫೋನು: "ಗ್ಲೌಸ್ ಏನೋ ಬೆಚ್ಚಗೇ ಇತ್ತಣ್ಣ, ಆದ್ರೆ ಫೋಟೋ ಹೊಡೆಯುವಾಗೆಲ್ಲ ಬಿಚ್ಚಿ ಜೇಬಲ್ಲಿ ಇಟ್ಟಿದ್ದೆ." ಅಂದ್ರೆ ದುಡ್ಡು ಕೊಟ್ಟು ಬೆಚ್ಚಗಿಟ್ಟಿದ್ದು ಜೇಬನ್ನ!

ನಂದೂ ಮೊದಲನೇ ಸಲ ಇದೇ ಕಥೆ. ದಾವಣಗೆರೇಲಿ ಬೈಕಿಗೆ ಹಾಕೋ ಗ್ಲೌಸನ್ನೇ ಹಿಮಚಿರತೆ ನೋಡೋಕೆ ಅಂತ ಫೆಬ್ರವರೀಲಿ ಸ್ಪಿತಿಯ ಕಿಬ್ಬರ್‌ಗೆ ಒಯ್ದಿದ್ದೆ. ಮೆಮೊರಿ ಕಾರ್ಡ್ ಬದಲಾಯಿಸೋಕೆ ಬಲಗೈದು ಬಿಚ್ಚಿದೆ, ಕಾರ್ಡ್ ಬಾಗಿಲು ತೆಗೆಯೋಷ್ಟರಲ್ಲಿ ಬೆರಳು ಬೆಂಡಾಯ್ತು, ಕಾರ್ಡು ಜಾರಿ ಹಿಮದೊಳಗೆ ಹೋಯ್ತು, ಅದನ್ನ ಬರಿಗೈಲಿ ಕೆದಕಿ ತೆಗೆದೆ, ಆಮೇಲೆ ಅದೇ ಒದ್ದೆ ಕೈಲಿ ಟ್ರೈಪಾಡ್ ಕಾಲು ಹಿಡಿದೆ. ಜೊತೆಗಿದ್ದ ಅಲ್ಲಿನ ಹುಡುಗ ಒಂದು ಮಾತೂ ಆಡದೆ ನನ್ನ ಕೈ ಎಳ್ಕೊಂಡು ಅವನ ಜಾಕೆಟ್ ಒಳಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹತ್ತು ನಿಮಿಷ ನಿಂತ. ಆ ಹತ್ತು ನಿಮಿಷದ ನೋವು ನೆನೆಸಿಕೊಂಡೇ ಇದನ್ನ ಬರೀತಿರೋದು. ಕ್ರಮ ತಪ್ಪಿಸದೆ ಹೋಗಿ. ಮೂರನೇ ಹಂತ ಬಿಟ್ಟು ಐದಕ್ಕೆ ಹಾರಿದೋರೇ ಮತ್ತೆ ಫೋನ್ ಮಾಡೋರು.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಹಿಮದ ಕಡೆ ಹೋಗೋರಿಗೆ ಒಂದೇ ಗ್ಲೌಸಲ್ಲಿ ಕೆಲಸ ಆಗಲ್ಲ. ಒಳಗೊಂದು ತೆಳ್ಳಂದು, ಅದನ್ನ ಹೊರಗೆ ಇರೋಷ್ಟು ಹೊತ್ತೂ ಬಿಚ್ಚಂಗಿಲ್ಲ. ಅದರ ಮೇಲೆ ಇನ್ನೊಂದು, ಅದನ್ನ ಬೇಕಾದಾಗ ತೆಗೆಯೋದು, ಹಾಕೋದು. ಕೆಳಗಿರೋದೆಲ್ಲ ಇದರ ವಿವರಣೆ.

ಮೊದಲು ಇವನ್ನ ಹತ್ರ ಇಟ್ಕೊಳ್ಳಿ

ಟೈಲರ್ ಟೇಪು, ನಿಮ್ಮದೇ ಕ್ಯಾಮೆರಾ, ಜಾಸ್ತಿ ಬಳಸೋ ಲೆನ್ಸು, ಒಂದು ಮೆಮೊರಿ ಕಾರ್ಡು, ಒಂದು ಬ್ಯಾಟರಿ, ಟ್ರೈಪಾಡಿಗೆ ಕೂರಿಸೋಕೆ ಕ್ಯಾಮೆರಾ ಕೆಳಗೆ ಹಾಕೋ ಅಲ್ಯೂಮಿನಿಯಂ ಪ್ಲೇಟು, ಒಂದು ಹಿಡಿ ಮಂಡಕ್ಕಿ. ಮಂಡಕ್ಕಿ ಯಾಕೆ ಅಂತ ಆರನೇ ಹಂತದಲ್ಲಿ ಹೇಳ್ತೀನಿ, ಅಲ್ಲೀತನಕ ತಿನ್ಬೇಡಿ.

ಹಂತ 1: ಎಂಥ ಚಳಿಗೆ ಹೋಗ್ತಿದೀರಿ ಅಂತ ಲೆಕ್ಕ ಹಾಕಿ

"ತುಂಬಾ ಚಳಿ ಇರುತ್ತೆ" ಅನ್ನೋದು ಲೆಕ್ಕ ಅಲ್ಲ. ನಾನು ಮೂರು ಥರ ಮಾಡ್ಕೊಂಡಿದೀನಿ.

ಮೊದಲನೇದು ನಮ್ಮೂರ ಚಳಿ. ಸೂಳೆಕೆರೆ ಏರಿ ಮೇಲೆ ಬೆಳಗಿನ ಜಾವ ಹಕ್ಕಿಗೆ ಕಾಯೋದು, ದುರ್ಗದ ಕೋಟೇಲಿ ಸೂರ್ಯ ಹುಟ್ಟೋದು ಹಿಡಿಯೋದು, ಜೋಗಿಮಟ್ಟಿ ಗಾಳಿ, ಚಳಿಗಾಲದಲ್ಲಿ ನಾಲ್ಕು ಗಂಟೆಗೆ ಎದ್ದು ಹೋಗೋ ಮದುವೆ ಕೆಲಸ. ಕೈ ಕೊರೆಯುತ್ತೆ ನಿಜ, ಆದ್ರೆ ಇದು ಸೊನ್ನೆಗಿಂತ ಎಷ್ಟೋ ಮೇಲಿರೋ ಚಳಿ. ಇದಕ್ಕೆ ತೆಳ್ಳನೆ ಒಳ ಗ್ಲೌಸ್ ಒಂದೇ ಸಾಕು, ನಾಲ್ಕನೇ ಹಂತ ಓದಿ ಅಲ್ಲಿಗೇ ನಿಲ್ಲಿಸಿದ್ರೂ ನಡೆಯುತ್ತೆ.

ಎರಡನೇದು ಒದ್ದೆ ಚಳಿ, ಸೊನ್ನೆ ಆಸುಪಾಸು. ಮನಾಲಿ, ಚೋಪ್ತಾ, ಕೇದಾರಕಂಠ ಚಾರಣ, ಇಂಥ ಕಡೆ. ಇಲ್ಲಿ ಹಿಮ ಮೈಮೇಲೆ ಬಿದ್ದ ತಕ್ಷಣ ಕರಗುತ್ತೆ, ಗ್ಲೌಸ್ ನೆನೆಯುತ್ತೆ. ಥರ್ಮಾಮೀಟರ್ ನೋಡಿದ್ರೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಕೈ ಕೆಡಿಸೋದ್ರಲ್ಲಿ ಇದು ಮೂರನೇದಕ್ಕಿಂತ ಏನೂ ಕಮ್ಮಿ ಇಲ್ಲ. ನೀರು ಒಳಗೆ ಬಿಡದ ಹೊರ ಗ್ಲೌಸ್ ಬೇಕಾಗೋದು ಇಲ್ಲಿ.

ಮೂರನೇದು ಒಣ ಚಳಿ, ಮೈನಸ್ 10, ಮೈನಸ್ 15, ಅದಕ್ಕೂ ಕೆಳಗೆ. ಜನವರಿ ಫೆಬ್ರವರಿಯ ಲಡಾಖ್, ಸ್ಪಿತಿ. ಹಿಮ ಇಲ್ಲಿ ರವೆ ಥರ ಉದುರುತ್ತೆ, ಕೊಡವಿದ್ರೆ ಹೋಗುತ್ತೆ. ಇಲ್ಲಿ ಹೆದರಬೇಕಾಗಿರೋದು ಗಾಳಿಗೆ. ಮೈನಸ್ 10 ಇದ್ದಾಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದ್ರೆ ಬರಿ ಚರ್ಮಕ್ಕೆ ಅದು ಮೈನಸ್ 20 ಇದ್ದಂಗೆ.

ಇದರ ಜೊತೆ ಇನ್ನೊಂದು ಕೇಳ್ಕೊಳ್ಳಿ, ನಡೀತಿರ್ತೀರೋ, ಕೂತಿರ್ತೀರೋ? ಚಾರಣದೋರಿಗೆ ಮೈಯೇ ಒಲೆ ಇದ್ದಂಗೆ, ಅವರಿಗೆ ಬೆವರಿನದೇ ಸಮಸ್ಯೆ. ಹಕ್ಕಿಗೋ ಪ್ರಾಣಿಗೋ ನಾಲ್ಕು ತಾಸು ಕಾಯ್ತಾ ಕೂರೋರಿಗೆ ಒಂದು ಪದರ ಜಾಸ್ತೀನೇ ಬೇಕು. ರಾತ್ರಿ ನಕ್ಷತ್ರ ತೆಗೆಯೋರದ್ದೂ ಇದೇ ಲೆಕ್ಕ.

ಹಂತ 2: ಯಾವ ಬೆರಳಿಗೆ ಏನು ಕೆಲಸ ಅಂತ ನೋಡಿ

ಇದನ್ನ ಯಾರೂ ಮಾಡಲ್ಲ, ಎಲ್ಲಾ ಎಡವಟ್ಟೂ ಇಲ್ಲಿಂದಲೇ ಶುರು. ಮನೇಲಿ ಕೂತು ಕ್ಯಾಮೆರಾ ಎತ್ಕೊಂಡು ಒಂದು ಹತ್ತು ಫೋಟೋ ಹೊಡೀರಿ, ಕಣ್ಣು ಫೋಟೋ ಮೇಲೆ ಬೇಡ, ಕೈ ಮೇಲೆ ಇರ್ಲಿ.

ಬಲಗೈ ತೋರುಬೆರಳು ಶಟರ್ ಮೇಲಿರುತ್ತೆ. ಆ ಬಟನ್ನಿಗೆ ಎರಡು ಮೆಟ್ಟಿಲು, ಅರ್ಧ ಒತ್ತಿದ್ರೆ ಫೋಕಸ್, ಪೂರ್ತಿ ಒತ್ತಿದ್ರೆ ಫೋಟೋ. ಆ ಎರಡರ ಮಧ್ಯೆ ಇರೋದು ಕೂದಲೆಳೆಯಷ್ಟು ಜಾಗ, ಬೆರಳ ತುದಿಗೆ ಅದು ಗೊತ್ತಾಗಬೇಕು. ದಪ್ಪ ಗ್ಲೌಸ್ ಹಾಕಿದ್ರೆ ಮೊದಲನೇ ಮೆಟ್ಟಿಲು ಮಾಯ, ಬೇಡದೆ ಇರೋ ಫೋಟೋ ಪಟಪಟ ಅಂತ ಹೊಡ್ಕೊಂಡು ಹೋಗುತ್ತೆ. ಬಲ ಹೆಬ್ಬೆರಳಿಗೆ ಹಿಂದಿನ ಡಯಲ್ಲು, ಜಾಯ್‌ಸ್ಟಿಕ್ಕು, ಫೋಕಸ್ ಮಾಡೋ ಎಎಫ್-ಆನ್ ಬಟನ್ನು. ಉಳಿದ ಮೂರು ಬೆರಳು ಬರೀ ಹಿಡ್ಕೊಂಡಿರ್ತವೆ, ಅವಕ್ಕೆ ಸೂಕ್ಷ್ಮ ಕೆಲಸ ಏನಿಲ್ಲ, ಎಷ್ಟು ಬೆಚ್ಚಗಿಟ್ಟರೂ ನಡೆಯುತ್ತೆ.

ಎಡಗೈಗೆ ಬನ್ನಿ. ಅದು ಲೆನ್ಸ್ ಕೆಳಗಿರುತ್ತೆ, ಝೂಮ್ ರಿಂಗ್ ತಿರುಗಿಸುತ್ತೆ, ಭಾರ ಹೊರುತ್ತೆ. ಅದಕ್ಕೆ ಬೇಕಾಗಿರೋದು ಬೆಚ್ಚನೆ ಅಂಗೈ ಮತ್ತೆ ಜಾರದ ಹಿಡಿತ, ಬೆರಳ ತುದಿಗೆ ಸಂಗತಿ ಗೊತ್ತಾಗಲೇಬೇಕು ಅಂತಿಲ್ಲ.

ಅಂದ್ರೆ ಎರಡೂ ಕೈಗೆ ಒಂದೇ ಥರದ್ದು ಹಾಕಬೇಕು ಅಂತ ಶಾಸ್ತ್ರ ಏನಿಲ್ಲ. ನಾನು ಎಡಗೈಗೆ ದಪ್ಪ ಗ್ಲೌಸು, ಬಲಗೈಗೆ ತುದಿ ತೆರೆಯೋ ಥರದ್ದು ಹಾಕ್ತೀನಿ. ನೋಡೋಕೆ ಹುಚ್ಚನ ಥರ ಕಾಣುತ್ತೆ, ಮದುವೆ ಮನೆಗೆ ಹಂಗೆ ಹೋಗಬೇಡಿ, ಬೆಟ್ಟದ ಮೇಲೆ ಯಾರು ನೋಡ್ತಾರೆ?

ಹಂತ 3: ಅಳತೆ

ಟೇಪನ್ನ ಬಲ ಅಂಗೈ ಸುತ್ತ, ಬೆರಳ ಗಿಣ್ಣಿನ ಮೇಲೆ ಹಾಯಿಸಿ ಸುತ್ತಿ, ಹೆಬ್ಬೆರಳು ಸೇರಿಸಬೇಡಿ. ಎಡಚರಾದ್ರೆ ಎಡಗೈ ಅಳೀರಿ. ಆಮೇಲೆ ನಡುಬೆರಳ ತುದಿಯಿಂದ ಅಂಗೈ ಮುಗಿಯೋ ಗೆರೆ ತನಕ ಉದ್ದ. ಗ್ಲೌಸಿನ ನಂಬರು ಬರೋದೇ ಸುತ್ತಳತೆಯ ಇಂಚಿಂದ. 8 ನಂಬರ್ ಅಂದ್ರೆ ಸುಮಾರು 8 ಇಂಚು, 203 ಮಿಲಿಮೀಟರು, 9 ಅಂದ್ರೆ 229. ಸ್ಮಾಲು ಮೀಡಿಯಮ್ಮು ಅನ್ನೋದು ಕಂಪನಿಗೊಂದು ಥರ, ನಂಬಬೇಡಿ, ಅವರ ಚಾರ್ಟಲ್ಲಿ ಸೆಂಟಿಮೀಟರ್ ನೋಡಿ.

ಒಳಗಿನದು ಚರ್ಮಕ್ಕೆ ಅಂಟಿದಂಗೆ ಇರ್ಬೇಕು. ಹೊರಗಿನದನ್ನ ಬರಿಗೈಲಿ ಹಾಕಿ ನೋಡಂಗೇ ಇಲ್ಲ, ಒಳಗಿನದು ಹಾಕ್ಕೊಂಡೇ ಮೇಲೆ ಹಾಕಿ ನೋಡ್ಬೇಕು. ಅಂಗಡೀಲಿ ಇದನ್ನ ಮರೆತು ತಂದು, ಅಲ್ಲಿ ಹೋಗಿ ಎರಡೂ ಹಾಕಿದಾಗ ಕೈ ಬಿಗಿದು ಮುಷ್ಟಿ ಕಟ್ಟೋಕೂ ಆಗದೆ ಇರೋದು ಎಲ್ಲರೂ ಮಾಡೋ ತಪ್ಪು. ಬಿಗಿ ಗ್ಲೌಸ್ ಅಂದ್ರೆ ತಣ್ಣನೆ ಗ್ಲೌಸ್, ಯಾಕಂದ್ರೆ ಬೆರಳಿಗೆ ಕಾವು ಕೊಡೋದು ರಕ್ತ. ಬಟ್ಟೆ ಆ ಕಾವನ್ನ ಹಿಡಿದಿಡುತ್ತೆ ಅಷ್ಟೆ. ರಕ್ತ ಓಡೋಕೆ ಜಾಗ ಇಲ್ಲಾಂದ್ರೆ, ಒಳಗೆ ಗಾಳಿ ನಿಲ್ಲೋಕೆ ಜಾಗ ಇಲ್ಲಾಂದ್ರೆ, ಎಷ್ಟು ದುಬಾರಿ ಮಾಲಾದ್ರೂ ಅಷ್ಟೇ. ಎರಡೂ ಹಾಕ್ಕೊಂಡು ಗಟ್ಟಿ ಮುಷ್ಟಿ ಕಟ್ಟಿ, ಬೆರಳ ತುದೀಲಿ ಎಳೆತ ಅನ್ಸಿದ್ರೆ ಒಂದು ಸೈಜ್ ಮೇಲೆ ಹೋಗಿ.

ಹಂತ 4: ಒಳ ಗ್ಲೌಸ್, ಲೈನರ್

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಇದು ಸರಿ ಆದ್ರೆ ಅರ್ಧ ಗೆದ್ದಂಗೆ.

ಹತ್ತಿ ಬೇಡ. ಹತ್ತಿ ಗಿರಣಿಗಳ ಊರಿನೋನು ಈ ಮಾತು ಹೇಳ್ತಿದೀನಿ ಅಂತ ನಗಬೇಡಿ. ಹತ್ತಿ ಬೆವರು ಕುಡಿಯುತ್ತೆ, ಕುಡಿದದ್ದನ್ನ ಬಿಡಲ್ಲ, ಒದ್ದೆ ಬಟ್ಟೆ ಮೈಗೆ ಅಂಟಿದ್ರೆ ಕಾವೆಲ್ಲ ಎಳ್ಕೊಂಡು ಹೋಗುತ್ತೆ. ಬೇಸಿಗೇಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ನೀರು ತಣ್ಣಗೆ ಮಾಡ್ತೀವಲ್ಲ, ಅದನ್ನೇ ನಿಮ್ಮ ಕೈಗೆ ಮಾಡ್ಕೊಂಡಂಗೆ. ಪೊಲೀಸ್ರು ಹಾಕೋ ಬಿಳಿ ಗ್ಲೌಸು, ಗೋಡೌನಲ್ಲಿ ಮೂಟೆ ಹೊರೋರು ಹಾಕೋ ಹತ್ತಿ ಗ್ಲೌಸು, ಇವೆಲ್ಲ ಇದೇ ಲೆಕ್ಕಕ್ಕೆ ಬರ್ತವೆ.

ಉಣ್ಣೆ ಬೇಕು. ಇದು ನಮ್ಮ ಚಳ್ಳಕೆರೆ ಕಡೆ ಯಾರಿಗೂ ಪಾಠ ಮಾಡಬೇಕಾಗಿಲ್ಲ, ಕುರಿ ಕಾಯೋರು ಮಳೇಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ನಿಂತಿರ್ತಾರೆ, ಕಂಬಳಿ ನೆನೆದು ಭಾರ ಆಗಿರುತ್ತೆ, ಒಳಗೆ ಮನುಷ್ಯ ಬೆಚ್ಚಗೇ ಇರ್ತಾನೆ. ಉಣ್ಣೆ ಒದ್ದೆ ಆದ್ರೂ ಪೂರ್ತಿ ಕೈಬಿಡಲ್ಲ. ಆದ್ರೆ ನಮ್ಮ ಕುರಿ ಉಣ್ಣೆ ಒರಟು, ಚುಚ್ಚುತ್ತೆ, ಅದರಲ್ಲಿ ತೆಳ್ಳನೆ ಗ್ಲೌಸ್ ಆಗಲ್ಲ. ಮೆರಿನೋ ಅನ್ನೋ ನಯವಾದ ಉಣ್ಣೆಯ ಲೈನರ್ ಸಿಗುತ್ತೆ, ನನ್ನ ಮೊದಲ ಆಯ್ಕೆ ಅದೇ. ಬೇಗ ಸವೆಯುತ್ತೆ ಅನ್ನೋದೊಂದೇ ತೊಂದರೆ, ತೋರುಬೆರಳ ತುದೀಲಿ ಮೊದಲು ತೂತು ಬೀಳುತ್ತೆ. ಅದು ಬೇಡಾಂದ್ರೆ ಪಾಲಿಯೆಸ್ಟರ್ ಥರದ ಸಿಂಥೆಟಿಕ್ ಲೈನರ್, ಬಾಳಿಕೆ ಜಾಸ್ತಿ, ಬೇಗ ಒಣಗುತ್ತೆ, ಬೆವರು ವಾಸನೆ ಮಾತ್ರ ಹಿಡ್ಕೊಳ್ಳುತ್ತೆ. ರೇಷ್ಮೇದೂ ಬರುತ್ತೆ, ತೀರ ತೆಳ್ಳಗೆ, ಕೈಗೆ ಹಿತ, ಆದ್ರೆ ಕ್ಯಾಮೆರಾ ಹಿಡಿದ್ರೆ ಜಾರುತ್ತೆ.

ಚಳಿಗಾಲದಲ್ಲಿ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕ್ತಾರಲ್ಲ, ಅಲ್ಲಿ ಸಿಗೋ ಹೆಣೆದ ಗ್ಲೌಸ್ ಬೆಚ್ಚಗಿರುತ್ತೆ, ಆದ್ರೆ ಹೆಣಿಗೆ ದೊಡ್ಡದು, ಗಾಳಿ ಹಾಯುತ್ತೆ, ಡಯಲ್ಲಿಗೆ ದಾರ ಸಿಕ್ಕಿಕೊಳ್ಳುತ್ತೆ. ನಮ್ಮೂರ ಚಳಿಗೆ ಓಕೆ.

ಬಟ್ಟೆ ಗೊತ್ತಾಯ್ತು, ಇನ್ನು ಹೊಲಿಗೆ. ಗ್ಲೌಸನ್ನ ಒಳಮೈ ತಿರುಗಿಸಿ ತೋರುಬೆರಳ ತುದಿ ನೋಡಿ. ಹೊಲಿಗೆ ಸರಿಯಾಗಿ ಬೆರಳ ತುದಿ ಮೇಲೇ ಹಾದು ಹೋಗಿದ್ರೆ ಅಲ್ಲೊಂದು ಗಂಟು ಇರುತ್ತೆ, ಶಟರ್ ಒತ್ತಿದಾಗೆಲ್ಲ ನಿಮಗೆ ಸಿಗೋದು ಆ ಗಂಟೇ, ಬಟನ್ ಅಲ್ಲ. ಹೊಲಿಗೆ ಪಕ್ಕಕ್ಕೆ ಅಥವಾ ಉಗುರಿನ ಕಡೆಗೆ ಸರಿದಿರ್ಬೇಕು. ಅಂಗೈ ಕಡೆ ಸಿಲಿಕಾನ್ ಚುಕ್ಕೆ ಇದ್ರೆ ಒಳ್ಳೇದು, ಹಿಡಿತ ಬರುತ್ತೆ. ಮಣಿಕಟ್ಟು ಮುಚ್ಚೋಷ್ಟು ಉದ್ದ ಇರ್ಬೇಕು, ನಾಡಿ ಓಡೋ ಜಾಗ ಅದು, ಅಲ್ಲಿ ಗಾಳಿ ಹೊಕ್ಕರೆ ಬೆರಳಿಗೆ ಹೋಗೋ ರಕ್ತಾನೇ ತಣ್ಣಗಾಗಿ ಹೋಗುತ್ತೆ.

ಟಚ್ ಸ್ಕ್ರೀನ್ ಗ್ಲೌಸ್ ಅಂತ ಬರೆದಿರೋದಕ್ಕೆ ಮರುಳಾಗಬೇಡಿ. ಕರೆಂಟ್ ಹಾಯೋ ದಾರ ತುದೀಲಿ ನೇಯ್ದಿರ್ತಾರೆ, ಹೊಸದ್ರಲ್ಲಿ ಚೆನ್ನಾಗೇ ಕೆಲಸ ಮಾಡುತ್ತೆ, ಸವೆದ ಮೇಲೆ, ಒಗೆದ ಮೇಲೆ ಮಂದ ಆಗುತ್ತೆ. ಇದ್ರೆ ಇರ್ಲಿ, ಅದೊಂದಕ್ಕೋಸ್ಕರ ಆರಿಸಬೇಡಿ.

ಆಸ್ಪತ್ರೆ ರಬ್ಬರ್ ಗ್ಲೌಸ್ ಹಾಕಿ ಮೇಲೆ ಲೈನರ್ ಹಾಕ್ತೀನಿ ಅನ್ನೋರು ಇದಾರೆ. ಗಾಳಿ ತಡೆಯುತ್ತೆ, ಒಂದು ಗಂಟೆ ಚೆನ್ನಾಗೇ ಇರುತ್ತೆ. ಆಮೇಲೆ ಒಳಗೆ ಬೆವರು ನಿಂತು ಕೈ ನೆನೆದ ಅವಲಕ್ಕಿ ಆಗುತ್ತೆ, ಆ ಒದ್ದೆ ಕೈನ ಹೊರಗೆ ತೆಗೆದ್ರಿ ಅಂದ್ರೆ ಮುಗೀತು. ನಾನಂತೂ ಬೇಡ ಅಂತೀನಿ.

ಲೈನರ್ ಎರಡು ಜೊತೆ ತಗೊಳ್ಳಿ, ಮೂರಾದ್ರೆ ಇನ್ನೂ ಒಳ್ಳೇದು. ದುಬಾರಿ ಹೊರ ಗ್ಲೌಸಿಗಿಂತ ಒಣಗಿದ ಇನ್ನೊಂದು ಜೊತೆ ಲೈನರ್ ಹೆಚ್ಚು ಉಪಯೋಗಕ್ಕೆ ಬರುತ್ತೆ.

ಹಂತ 5: ಹೊರ ಗ್ಲೌಸ್

ಇಲ್ಲಿ ಮೂರು ಜಾತಿ. ಐದು ಬೆರಳಿನ ಮಾಮೂಲಿ ದಪ್ಪ ಗ್ಲೌಸು, ತುದಿ ಮಡಚೋ ಗ್ಲೌಸು, ಮತ್ತೆ ಮಿಟನ್ನು ಅಂದ್ರೆ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಒಂದೇ ಚೀಲದಲ್ಲಿ ಇರೋದು.

ಬೆಚ್ಚಗಿಡೋದ್ರಲ್ಲಿ ಮಿಟನ್ ಮುಂದೆ ಯಾವುದೂ ಇಲ್ಲ, ನಾಲ್ಕು ಬೆರಳೂ ಒಂದೇ ರಗ್ಗಲ್ಲಿ ಮಲಗಿದ ಮಕ್ಕಳ ಥರ ಒಂದಕ್ಕೊಂದು ಕಾವು ಕೊಡ್ತವೆ. ಆದ್ರೆ ಅದರಲ್ಲಿ ಕ್ಯಾಮೆರಾ ಕೆಲಸ ಸಾಧ್ಯ ಇಲ್ಲ, ತೆಗೀಲೇಬೇಕು, ಒಳಗೆ ಲೈನರ್ ಇರೋದು ಅದಕ್ಕೇ. ತುದಿ ಮಡಚೋದ್ರಲ್ಲಿ ಹೆಬ್ಬೆರಳು ತೋರುಬೆರಳಿನ ಟೊಪ್ಪಿಗೆ ಮಾತ್ರ ಹಿಂದಕ್ಕೆ ಹೋಗುತ್ತೆ, ಕೆಲವು ಮಿಟನ್‌ಗಳಲ್ಲಿ ಇಡೀ ಮುಚ್ಚಳಾನೇ ತೆರೆಯುತ್ತೆ. ಫೋಟೋಗ್ರಾಫರ್‌ಗಳಿಗೆ ಅಂತಲೇ ಮಾಡೋ ಕಂಪನಿಗಳೂ ಇವೆ, ನಾರ್ವೆಯ ವ್ಯಾಲೆರೆಟ್, ಆಸ್ಟ್ರಿಯಾದ ಹೀಟ್ ಕಂಪನಿ ಅಂಥವು, ಬೆಲೆ ಕೇಳಿದ್ರೆ ಇಲ್ಲೇ ಬೆವರು ಬರುತ್ತೆ. ಅಷ್ಟು ಖರ್ಚು ಮಾಡ್ಲೇಬೇಕು ಅಂತೇನಿಲ್ಲ, ಚಾರಣದ ಸಾಮಾನು ಮಾರೋ ಕಡೆ ಸಿಗೋ ಸಾದಾ ಮಿಟನ್ ಒಳ್ಳೆ ಲೈನರ್ ಮೇಲೆ ಹಾಕಿದ್ರೆ ಬಹಳ ಜನಕ್ಕೆ ಸಾಕು.

ಒದ್ದೆ ಚಳಿಗೆ, ಕೈ ಆಡಿಸ್ತಾ ಇರೋರಿಗೆ ತುದಿ ಮಡಚೋದು. ಒಣ ಚಳಿಗೆ, ಕಾಯ್ತಾ ಕೂರೋರಿಗೆ ಮಿಟನ್. ಮೈನಸ್ 15ಕ್ಕಿಂತ ಕೆಳಗಾದ್ರೆ ಲೈನರ್, ಮಡಚೋದು, ಮೇಲೆ ಮಿಟನ್, ಮೂರೂ. ಐದು ಬೆರಳಿನ ದಪ್ಪ ಗ್ಲೌಸನ್ನ ನಾನು ಎಡಗೈಗೆ ಬಿಟ್ಟು ಯಾವುದಕ್ಕೂ ಹೇಳಲ್ಲ.

ಕೊಳ್ಳುವಾಗ ಕೈಯಾರೆ ನೋಡೋದು: ಟೊಪ್ಪಿಗೆ ಹಿಂದಕ್ಕೆ ಮಡಚಿದಾಗ ಅಲ್ಲೇ ನಿಲ್ಲುತ್ತಾ, ಇಲ್ಲಾ ಬಟನ್ ಮೇಲೆ ಬಂದು ಬೀಳುತ್ತಾ? ಅಯಸ್ಕಾಂತ ಇದ್ರೆ ಸದ್ದಿಲ್ಲದೆ ನಿಲ್ಲುತ್ತೆ, ಮೆಮೊರಿ ಕಾರ್ಡಿಗೆ ಅದರಿಂದ ಏನೂ ಆಗಲ್ಲ, ಭಯ ಬೇಡ. ವೆಲ್ಕ್ರೋ ಆದ್ರೆ ಪರ್ರ್ ಅಂತ ಸದ್ದು ಮಾಡುತ್ತೆ, ಪ್ರಾಣಿ ಓಡಿ ಹೋಗುತ್ತೆ, ಹಿಮ ಮೆತ್ತಿದ್ರೆ ಅಂಟೋದೂ ಇಲ್ಲ. ಅಂಗೈಲಿ ತೊಗಲೋ ರಬ್ಬರೋ ಇರ್ಬೇಕು. ಮಣಿಕಟ್ಟಿಗೆ ಕಟ್ಟೋ ದಾರ ಇರ್ಲೇಬೇಕು, ಇಲ್ಲಾಂದ್ರೆ ನೀವೇ ಹೊಲಿಸಿ, ತೆಗೆದ ಮಿಟನ್ ಗಾಳಿಗೆ ಹಾರಿ ಕಣಿವೆಗೆ ಹೋದ್ರೆ ತರೋಕೆ ಯಾರೂ ಇಳಿಯಲ್ಲ. ಚಿಕ್ಕ ಮಕ್ಕಳಿಗೆ ಕತ್ತಿಗೆ ದಾರ ಹಾಕಿ ಎರಡೂ ಕೈದು ಕಟ್ತಾರಲ್ಲ, ಅದೇ ಐಡಿಯಾ.

ಬೈಕ್ ಗ್ಲೌಸ್ ಮಾತ್ರ ಬೇಡ. ಗಿಣ್ಣಿಗೆ ಪ್ಲಾಸ್ಟಿಕ್ಕು, ಅಂಗೈಗೆ ಪ್ಯಾಡು, ಬಿದ್ದಾಗ ಕೈ ಉಳಿಸೋಕೆ ಮಾಡಿದ್ದು ಅದು. ಶಟರ್ ಗೊತ್ತಾಗೋದೇ ಇಲ್ಲ.

ಇನ್ನು ಅಲ್ಲೇ ಹೋಗಿ ಬಾಡಿಗೆಗೆ ತಗೊಂಡ್ರಾಯ್ತು ಅನ್ನೋರಿಗೆ: ನಮ್ಮ ಗುಂಪಿನ ಒಬ್ಬನಿಗೆ ಒಂದು ಅಂಗಡೀಲಿ ಕೊಟ್ಟ ಜೋಡೀಲಿ ಒಂದು ಎಲ್, ಒಂದು ಎಕ್ಸೆಲ್, ಎರಡೂ ಒಳಗೆ ಹಸಿ. ನಾವು ನೋಡಿದ್ದು ಇಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ. ಮನೆಯಿಂದಲೇ ಒಯ್ಯಿರಿ.

ಹಂತ 6: ಮನೇಲೇ ಪರೀಕ್ಷೆ

ಮಂಡಕ್ಕಿ ಈಗ ತಗೊಳ್ಳಿ. ತಟ್ಟೇಲಿ ಹರಡಿ, ಲೈನರ್ ಹಾಕ್ಕೊಂಡು ಒಂದೊಂದೇ ಕಾಳು ಪುಡಿ ಆಗದಂಗೆ ಎತ್ತಿ ಲೋಟಕ್ಕೆ ಹಾಕಿ. ಇಪ್ಪತ್ತು ಕಾಳಲ್ಲಿ ನಾಲ್ಕೈದು ಜಾರಿದ್ರೆ ಪರವಾಗಿಲ್ಲ. ಕೈಗೆ ಬರೀ ಪುಡಿ ಬಂದ್ರೆ ಆ ಗ್ಲೌಸಿಗೆ ಶಟರಿನ ಅರ್ಧ ಮೆಟ್ಟಿಲೂ ಗೊತ್ತಾಗಲ್ಲ. ಅದರಲ್ಲಿ ಪಾಸಾದ್ರೆ ಕಣ್ಣು ಮುಚ್ಚಿ ಕಾರ್ಡ್ ತೆಗೆದು ಹಾಕೋದು, ಬ್ಯಾಟರಿ ತೆಗೆದು ಹಾಕೋದು, ಲೆನ್ಸ್ ಕ್ಯಾಪ್ ಬಿಚ್ಚೋದು. ಹತ್ತು ಸಲ. ನನ್ನ ಕ್ಯಾಮೆರಾದ ಕಾರ್ಡ್ ಬಾಗಿಲು ಲೈನರಲ್ಲಿ ತೆಗೆಯೋಕೇ ಬರ್ತಿರ್ಲಿಲ್ಲ, ಅಂಚಿಗೆ ಒಂದು ಚಿಕ್ಕ ಬಟ್ಟೆ ಟೇಪ್ ತುಂಡು ಬಾಲದ ಥರ ಅಂಟಿಸಿದೆ, ಈಗ ಎಳೆದ್ರೆ ಬರುತ್ತೆ.

ಎರಡನೇ ಪರೀಕ್ಷೆ ಫ್ರಿಜ್ಜಿಂದು. ಟ್ರೈಪಾಡ್ ಪ್ಲೇಟನ್ನ ಅರ್ಧ ಗಂಟೆ ಫ್ರೀಜರಲ್ಲಿಡಿ, ಒಳ್ಳೆ ಫ್ರೀಜರ್ ಮೈನಸ್ 18ರ ಹತ್ರ ಇರುತ್ತೆ. ಕ್ಯಾಮೆರಾ ಇಡಬೇಡಿ ಮಾರಾಯ್ರೆ, ಹೊರಗೆ ತೆಗೆದ ತಕ್ಷಣ ನೀರು ಕೂರುತ್ತೆ. ಪ್ಲೇಟನ್ನ ಬರೀ ಲೈನರ್ ಕೈಲಿ ಹಿಡಿದು ಎಷ್ಟು ಹೊತ್ತಿಗೆ ಕೊರೆಯುತ್ತೆ ಅಂತ ಎಣಿಸಿ, ಆಮೇಲೆ ಪ್ಲೇಟನ್ನ ಮತ್ತೆ ಅರ್ಧ ಗಂಟೆ ಒಳಗಿಟ್ಟು ಎರಡೂ ಗ್ಲೌಸ್ ಹಾಕಿ ಎಣಿಸಿ. ಚಿಕ್ಕ ಪ್ಲೇಟು ಬೇಗ ಬಿಸಿ ಆಗಿಬಿಡುತ್ತೆ, ಅದರಿಂದ ಇದು ಪೂರ್ತಿ ಲೆಕ್ಕ ಅಲ್ಲ, ಆದ್ರೆ ಎರಡು ಗ್ಲೌಸಲ್ಲಿ ಯಾವುದು ವಾಸಿ ಅಂತ ಹೇಳಿಬಿಡುತ್ತೆ. ಲೋಹ ಎಷ್ಟು ಬೇಗ ಕಾವು ಎಳೆಯುತ್ತೆ ಅನ್ನೋದೂ ಕೈಗೆ ಅರ್ಥ ಆಗುತ್ತೆ, ಅಲ್ಯೂಮಿನಿಯಂ ಪ್ಲಾಸ್ಟಿಕ್‌ಗಿಂತ ನೂರಾರು ಪಟ್ಟು ಜೋರಾಗಿ ಎಳೆಯೋ ವಸ್ತು.

ಮೂರನೇದು ಗಾಳಿ. ಜನವರಿ ಬೆಳಗ್ಗೆ ಐದಕ್ಕೆ ಗೆಳೆಯನ ಬೈಕ್ ಹಿಂದೆ ಕೂತು ದಾವಣಗೆರೆಯಿಂದ ದುರ್ಗದ ಕಡೆ ಅರ್ಧ ಗಂಟೆ ಹೋಗಿ, ಹಿಂದೆ ಕೂತೇ ಮಾಡಿ, ಓಡಿಸ್ತಾ ಬೇಡ. 10 ಡಿಗ್ರೀಲಿ 60ರ ಸ್ಪೀಡಲ್ಲಿ ಹೋದ್ರೆ ಚರ್ಮಕ್ಕೆ 5 ಡಿಗ್ರಿ ಅನ್ಸುತ್ತೆ. ಹೊರ ಗ್ಲೌಸಲ್ಲಿ ಎಲ್ಲಿಂದ ಗಾಳಿ ನುಗ್ತಿದೆ ಅಂತ ಹತ್ತೇ ನಿಮಿಷಕ್ಕೆ ಗೊತ್ತಾಗುತ್ತೆ, ಸಾಮಾನ್ಯವಾಗಿ ಆ ಮಡಚೋ ಸೀಳಿಂದಲೇ.

ಹಂತ 7: ಕ್ಯಾಮೆರಾನೂ ಗ್ಲೌಸಿಗೆ ಒಗ್ಗಿಸಿ

ಗ್ಲೌಸ್ ಎಷ್ಟು ಚೆನ್ನಾಗಿದ್ರೂ ಮೆನು ಒಳಗೆ ಹೊಕ್ಕು ಹುಡುಕೋದು ಆಗಲ್ಲ. ಐಎಸ್ಒ, ಫೋಕಸ್ ಮೋಡ್, ಡ್ರೈವ್ ಮೋಡ್ ಇವನ್ನ ಹೊರಗಿನ ಬಟನ್ನಿಗೆ ತಂದಿಟ್ಕೊಳ್ಳಿ. ಟಚ್ ಆಫ್ ಮಾಡಿ, ಮೂಗು ತಾಗಿ ಫೋಕಸ್ ಪಾಯಿಂಟ್ ಓಡಾಡುತ್ತೆ. ಫೋಕಸನ್ನ ಶಟರಿಂದ ಬಿಡಿಸಿ ಹಿಂದಿನ ಎಎಫ್-ಆನ್‌ಗೆ ಕೊಟ್ರೆ ಅರ್ಧ ಮೆಟ್ಟಿಲಿನ ಸಮಸ್ಯೇನೇ ಕಮ್ಮಿ ಆಗುತ್ತೆ, ಇದೊಂದು ಬದಲಾವಣೆಗೆ ನಾನು ಎಷ್ಟು ಫೋಟೋ ಉಳಿಸ್ಕೊಂಡಿದೀನೋ. ಚಿಕ್ಕ ಮಿರರ್‌ಲೆಸ್ ಬಾಡೀಲಿ ಬಟನ್ನು ಒತ್ತೊತ್ತಾಗಿರುತ್ತೆ, ಬೇಡದ್ದನ್ನ ಲಾಕ್ ಮಾಡಿ. ಟ್ರೈಪಾಡ್ ಇದ್ರೆ ರಿಮೋಟ್ ಒಯ್ಯಿರಿ, ಮಿಟನ್ ಒಳಗಿಂದಲೇ ಒತ್ತಬಹುದು.

ಟ್ರೈಪಾಡ್ ಕಾಲಿಗೆ ಏಸಿ ಪೈಪಿಗೆ ಸುತ್ತೋ ಕಪ್ಪು ಫೋಮ್ ಹಾಕಿ, ಏಸಿ ರಿಪೇರಿ ಅಂಗಡೀಲಿ ತುಂಡು ಕೊಡ್ತಾರೆ. ಕ್ಯಾಮೆರಾ ಕೆಳಗೆ ಲೋಹದ ಪ್ಲೇಟ್ ಹಾಕಿರೋರು ಎಡ ಅಂಗೈ ತಾಗೋ ಜಾಗಕ್ಕೆ ಬಟ್ಟೆ ಟೇಪ್ ಸುತ್ತಿ.

ಹಂತ 8: ಅಲ್ಲಿ ಹೋದ ಮೇಲೆ ಕ್ರಮ

ಬೆಚ್ಚಗಿರೋ ಕೋಣೇಲೇ ಲೈನರ್, ಹೊರ ಗ್ಲೌಸ್ ಎರಡೂ ಹಾಕ್ಕೊಂಡು ಬಾಗಿಲು ತೆಗೀರಿ. ಗ್ಲೌಸಿಗೆ ತಾನಾಗೇ ಕಾವು ಹುಟ್ಟಲ್ಲ, ಇರೋ ಕಾವನ್ನ ಹಿಡಿದಿಡುತ್ತೆ, ತಣ್ಣಗಾದ ಕೈಗೆ ಹಾಕಿದ್ರೆ ತಣ್ಣಗೇ ಇಡುತ್ತೆ.

ಹ್ಯಾಂಡ್ ವಾರ್ಮರ್ ಪೊಟ್ಟಣ ಇದ್ರೆ ಹದಿನೈದಿಪ್ಪತ್ತು ನಿಮಿಷ ಮುಂಚೆ ಕವರ್ ಹರಿದು ಅಲ್ಲಾಡಿಸಿ. ಒಳಗಿರೋದು ಕಬ್ಬಿಣದ ಪುಡಿ, ಗಾಳಿ ತಾಗಿ ತುಕ್ಕು ಹಿಡಿಯುವಾಗ ಬರೋ ಬಿಸಿ ಅದು. ಮಿಟನ್ ಒಳಗೆ ಉಸಿರು ಕಟ್ಟಿ ತಣ್ಣಗಾದ್ರೆ ಹೊರಗೆ ತೆಗೆದು ಅಲ್ಲಾಡಿಸಿ, ಮತ್ತೆ ಬಿಸಿ ಆಗುತ್ತೆ. ಎತ್ತರದಲ್ಲಿ ಗಾಳಿ ತೆಳು, ಅಲ್ಲಿ ಬಿಸಿ ಕಮ್ಮೀನೇ ಬರುತ್ತೆ. ಕೆಲಸ ಅರ್ಧಕ್ಕೆ ಮುಗಿದ್ರೆ ಗಾಳಿ ಹೋಗದ ಜಿಪ್ ಕವರಲ್ಲಿ ಮುಚ್ಚಿಡಿ, ಉಳಿದ ಬಿಸಿ ನಾಳೆಗೆ ಆಗುತ್ತೆ. ಇಡೋ ಜಾಗ ಅಂಗೈ ಅಲ್ಲ, ಹಿಡಿತ ಹೋಗುತ್ತೆ. ಲೈನರ್ ಮೇಲೆ, ಹೊರ ಗ್ಲೌಸ್ ಕೆಳಗೆ, ಕೈ ಹಿಂಬದಿಗೆ ಅಥವಾ ಮಣಿಕಟ್ಟಿಗೆ. ಬರಿ ಚರ್ಮಕ್ಕೆ ಇಟ್ರೆ ಸುಡುತ್ತೆ, ಸಕ್ಕರೆ ಕಾಯಿಲೆ ಇದ್ದು ಕೈ ಸ್ಪರ್ಶ ಕಮ್ಮಿ ಇರೋರು ಇದರಲ್ಲಿ ಹುಷಾರು. ಚಾರ್ಜ್ ಮಾಡೋ ಥರದ್ದಾದ್ರೆ ಒಳಗೆ ಲಿಥಿಯಂ ಬ್ಯಾಟರಿ ಇರುತ್ತೆ, ವಿಮಾನದಲ್ಲಿ ಕೈಚೀಲದಲ್ಲೇ ಇಟ್ಕೊಳ್ಳಿ.

ಫೋಟೋ ಬಂತು ಅಂದಾಗ ಹೊರಗಿನದನ್ನ ಮಾತ್ರ ತೆಗೀರಿ, ಹೊಡೀರಿ, ತಕ್ಷಣ ವಾಪಸ್ ಹಾಕ್ಕೊಳ್ಳಿ. ಹಿಂದಿನ ಸ್ಕ್ರೀನಲ್ಲಿ ಝೂಮ್ ಮಾಡಿ ನೋಡ್ತಾ ನಿಲ್ಲೋದು ರೂಮಿಗೆ ಹೋದ ಮೇಲೆ. ಕೈ ಕೆಡಿಸ್ಕೊಂಡೋರನ್ನ ಕೇಳಿ ನೋಡಿ, ಮುಕ್ಕಾಲು ಜನ ಫೋಟೋ ಹೊಡೆಯುವಾಗ ಕೆಡಿಸ್ಕೊಂಡಿರಲ್ಲ, ನೋಡುವಾಗ ಕೆಡಿಸ್ಕೊಂಡಿರ್ತಾರೆ.

ಬೆರಳು ಮಂದ ಆಗ್ತಿದೆ ಅನ್ಸಿದ್ರೆ ನಮ್ಮ ದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನ್ ಥರ ಭುಜದಿಂದ ಕೈನ ಗಿರಗಿರ ತಿರುಗಿಸಿ, ರಕ್ತ ತುದಿಗೆ ನುಗ್ಗುತ್ತೆ. ಟೋಪಿ, ಮಫ್ಲರ್, ಜಾಕೆಟ್ ಸರಿ ಇದೆಯಾ ನೋಡಿ, ಮೈ ತಣ್ಣಗಾದ್ರೆ ದೇಹ ಮೊದಲು ಕೈಕಾಲಿಗೆ ರಕ್ತ ಕಮ್ಮಿ ಮಾಡುತ್ತೆ, ಆಗ ಗ್ಲೌಸ್ ಏನು ಮಾಡೀತು. ಬೀಡಿ ಸಿಗರೇಟು ರಕ್ತನಾಳ ಬಿಗಿ ಮಾಡುತ್ತೆ. ಒಂದು ಪೆಗ್ ಹಾಕಿದ್ರೆ ಬೆಚ್ಚಗೆ ಅನ್ಸುತ್ತೆ, ಆ ಬೆಚ್ಚಗೆ ಅನ್ನೋದೇ ಮೈ ಕಾವು ಚರ್ಮಕ್ಕೆ ಬಂದು ಹೊರಗೆ ಹೋಗ್ತಿರೋದು.

ಇವು ಕಂಡ್ರೆ ಕ್ಯಾಮೆರಾ ಕೆಳಗಿಡಿ

ಚುಚ್ಚೋ ನೋವು ಇರೋತನಕ ಎಚ್ಚರಿಕೆ ಅಷ್ಟೆ, ಹೊರ ಗ್ಲೌಸ್ ಹಾಕ್ಕೊಂಡು ಕೈ ಬೆಚ್ಚಗೆ ಮಾಡ್ಕೊಳ್ಳಿ. ಕೈ ಬೆಚ್ಚಗೆ ಮಾಡದೇನೇ ನೋವು ತಾನಾಗಿ ನಿಂತು ಜೋಮು ಹಿಡಿದ್ರೆ ಅದು ವಾಸಿ ಆಗಿದ್ದಲ್ಲ, ಕೆಟ್ಟಿದ್ದು. ಬೆರಳ ತುದಿ ಬಿಳಿಚಿದ್ರೆ, ಮೇಣ ಹಚ್ಚಿದಂಗೆ ಕಂಡ್ರೆ, ಒತ್ತಿದ್ರೆ ಗಟ್ಟಿ ಅನ್ಸಿದ್ರೆ, ಹೆಬ್ಬೆರಳನ್ನ ಕಿರುಬೆರಳಿಗೆ ತಾಗಿಸೋಕೆ ಬರದಿದ್ರೆ ಆವತ್ತಿನ ಶೂಟಿಂಗ್ ಮುಗೀತು ಅಂತ ತಿಳ್ಕೊಳ್ಳಿ.

ಉಜ್ಜಬೇಡಿ, ಹಿಮ ಹಚ್ಚಿ ಉಜ್ಜೋದಂತೂ ಬೇಡವೇ ಬೇಡ, ಒಳಗೆ ಹೆಪ್ಪುಗಟ್ಟಿದ ಚರ್ಮ ಹರಿಯುತ್ತೆ. ಬೆಂಕಿಗೆ ಹಿಡೀಬೇಡಿ, ಜೋಮು ಹಿಡಿದ ಕೈ ಸುಟ್ರೂ ಗೊತ್ತಾಗಲ್ಲ. ಸ್ವಲ್ಪ ಮಾತ್ರ ಆಗಿದ್ರೆ ಕಂಕುಳಲ್ಲಿ ಇಟ್ಕೊಳ್ಳಿ. ಕಂಕುಳಲ್ಲಿಟ್ರೂ ಬಣ್ಣ, ಸ್ಪರ್ಶ ವಾಪಸ್ ಬರದಿದ್ರೆ ಬೇಗ ಡಾಕ್ಟರ್ ಹತ್ರ ಹೋಗಿ. ಡಾಕ್ಟರ್ ದೂರ ಇದ್ದು, ಮತ್ತೆ ಹೆಪ್ಪುಗಟ್ಟೋ ಭಯ ಇಲ್ಲದ ಜಾಗಕ್ಕೆ ಬಂದಿದ್ರೆ ಮಾತ್ರ 37ರಿಂದ 39 ಡಿಗ್ರಿ ನೀರಲ್ಲಿ, ಅಂದ್ರೆ ಮಗು ಮೀಯೋಷ್ಟು ಉಗುರು ಬೆಚ್ಚಗಿನದ್ರಲ್ಲಿ, ಅದ್ದಿಡಬಹುದು. ಬೊಬ್ಬೆ ಎದ್ರೆ ಒಡೀಬೇಡಿ. ನಮ್ಮೂರ ಚಳಿಗೇ ಬೆರಳು ಸುಣ್ಣದಂಗೆ ಬೆಳ್ಳಗೆ ಆಗೋರು ಕೆಲವರಿದಾರೆ, ಅವರು ಟಿಕೆಟ್ ಬುಕ್ ಮಾಡೋ ಮುಂಚೆನೇ ಡಾಕ್ಟರ್‌ನ ಕೇಳಿ.

ರಾತ್ರಿ ಒಣಗಿಸೋದು

ರೂಮಿಗೆ ಬಂದ ಮೇಲೆ ಕ್ಯಾಮೆರಾ ಬ್ಯಾಗ್ ಜಿಪ್ ತೆಗೀಬೇಡಿ, ಅದು ನಿಧಾನಕ್ಕೆ ಬೆಚ್ಚಗಾಗ್ಲಿ. ಗ್ಲೌಸ್ ಮಾತ್ರ ಆಗಲೇ ಬಿಡಿಸಿ, ಒಂದಕ್ಕೊಂದು ತಾಗದಂಗೆ ನೇತುಹಾಕಿ. ಕಟ್ಟಿಗೆ ಒಲೆ ಮೇಲೆ ಇಡಬೇಡಿ, ನನ್ನ ಸಿಂಥೆಟಿಕ್ ಲೈನರಿನ ಎರಡು ಬೆರಳು ಅಂಟಿ ಒಂದಾಗಿದ್ದು ಹಂಗೇ. ಸ್ವಲ್ಪ ಹಸಿ ಉಳಿದ ಲೈನರನ್ನ ಮಲಗುವಾಗ ಬನಿಯನ್ ಮೇಲೆ, ಸ್ವೆಟರ್ ಒಳಗೆ ಇಟ್ಕೊಂಡ್ರೆ ಮೈ ಕಾವಿಗೇ ಒಣಗುತ್ತೆ, ಕ್ಯಾಮೆರಾ ಬ್ಯಾಟರೀನೂ ಅದರ ಪಕ್ಕದಲ್ಲೇ ಮಲಗ್ಲಿ. ಬೆಳಗ್ಗೆ ಎದ್ದಾಗ ಮೊದಲು ಲೈನರ್ ಹಾಕ್ಕೊಳ್ಳಿ, ಆಮೇಲೆ ಶೂ ಲೇಸ್ ಕಟ್ಟಿ.